ಬೀಗಿತಿಗೆ ತೋರಿಸಿದ ತೋಳು

ಲೋಕದಲ್ಲಿ ಧೈರ್ಯ ಎರಡು ಬಗೆ. ತಾನು ಇಟ್ಟುಕೊಳ್ಳುವ ಧೈರ್ಯ ಒಂದು, ಪರರಿಗೆ ಹೇಳುವ ಧೈರ್ಯ ಇನ್ನೊಂದು. ಮೊದಲನೆಯದನ್ನು ಕೊಡುವಾಗ ದೇವರ ಕೈ ನನ್ನ ಪಾಲಿಗೆ ತೀರ ಬಿಗಿಯಾಯಿತು. ಆ ಮುಜುಗರಕ್ಕೋ ಏನೋ, ಎರಡನೆಯದನ್ನು ಕೊಳಗದಲ್ಲಿ ಅಳೆದು ಸುರಿದ. ಹಲ್ಲು ಕೀಳಿಸಿಕೊಳ್ಳಲು ಹೊರಟವರು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ಹೊರಟವರು, ಎರಡನೆಯ ಮದುವೆಗೆ ಹೊರಟವರು, ಯಾರೇ ನಮ್ಮ ಓಣಿಯಲ್ಲಿ ಹಾದುಹೋಗಲಿ, ನನ್ನ ಕಟ್ಟೆಯ ಮುಂದೆ ಒಂದು ಗಳಿಗೆ ನಿಂತು ಧೈರ್ಯ ಹೇಳಿಸಿಕೊಂಡೇ ಮುಂದೆ ಹೋಗಬೇಕು. ಬಳ್ಳಾರಿಯ ಹತ್ತಿ ಜಿನ್ನಿನಲ್ಲಿ ಗುಮಾಸ್ತನಾಗಿ ಕೂತಲ್ಲೇ ಮುದುಕನಾದವನು ನಾನು. ತಲೆಗೆ ಅಂಟಿದ ಹತ್ತಿ ಯಾವುದು, ನರೆ ಯಾವುದು ಎಂದು ಹೆಂಡತಿಗೇ ಗೊತ್ತಾಗದಷ್ಟು ಕಾಲ ಅಲ್ಲಿದ್ದೆ. ಆದರೆ ಹೈಸ್ಕೂಲು ಮುಗಿಸಿದವನು ಓಣಿಯಲ್ಲಿ ನಾನೊಬ್ಬನೇ. ಆದ್ದರಿಂದ ಪತ್ರಿಕೆ ಓದಿ ಯುದ್ಧದ ಸುದ್ದಿ ಹೇಳುವ, ಬರ್ಮಾದಲ್ಲಿ ನಮ್ಮ ದಂಡು ಏಕೆ ಹಿಂದೆ ಸರಿಯಬಾರದಿತ್ತು ಎಂದು ವಿವರಿಸುವ ಅಧಿಕಾರ ನನ್ನದೇ.

ಅಂಥ ನಾನು ಹೋದ ಬೇಸಿಗೆಯಲ್ಲಿ ಒಂದು ಸೂಜಿಯ ಎದುರಿನಿಂದ ಹಿಂದೆ ಸರಿದೆ. ಬರೀ ಸರಿದಿದ್ದರೆ ದೊಡ್ಡ ಮಾತಾಗುತ್ತಿರಲಿಲ್ಲ. ಅಂಜುಬುರುಕರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನಾನು ಸರಿದ ದಾರಿಯಲ್ಲಿ ನನ್ನ ಹೆಂಡತಿ ಹಂಪಮ್ಮ ನಿಂತಿದ್ದಳು. ಜನ್ಮದಲ್ಲಿ ಒಂದೇ ಸಲ ಸಿಗಬಹುದಾಗಿದ್ದ ಒಂದು ಸುಖ ಅವಳ ಕೈಯಿಂದ ಹೋಯಿತು. ಅದನ್ನು ಹೇಳಿಕೊಳ್ಳಲು ಕೂತಿದ್ದೇನೆ. ನಗು ಬಂದರೆ ನಗಿರಿ. ನನಗೆ ಬರುತ್ತಿಲ್ಲ.

ನಮ್ಮ ಊರಲ್ಲಿ ಬಿಸಿಲು ಏರಿ ಬಾವಿಗಳ ತಳ ಕಾಣತೊಡಗಿದವೆಂದರೆ ಕಾಲರಾದ ಮಾತು ಶುರು. ಹಿಂದೆಯೇ ದವಾಖಾನೆಯವರು ಓಣಿಓಣಿಗೆ ಬಂದು ಬೇವಿನ ಮರದ ಕೆಳಗೆ ಮೇಜು ಹಾಕಿ, ಸ್ಪಿರಿಟ್ ದೀಪ ಹೊತ್ತಿಸಿ, ಸೂಜಿ ಕುದಿಸಲು ಇಡುತ್ತಾರೆ. ಆ ದಿನ ಓಣಿಯ ಜನ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರೆ. ಅವರನ್ನು ಹೊರಗೆ ಕರೆತರುವ ಕೆಲಸ ಪ್ರತಿವರ್ಷವೂ ನನ್ನದು. "ಇರುವಿ ಕಚ್ಚಿದಂಗ ಆಕೈತಿ ಅಷ್ಟ, ಬರ್ರಿ. ಓದಿದೋರು ಹೇಳಾಕತ್ತೀವಿ, ಬರ್ರಿ" ಎಂದು ಮನೆಮನೆಯ ಚಿಲಕ ಬಾರಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತೇನೆ. ಡಾಕ್ಟರರು ನನ್ನ ಕೈ ಕುಲುಕುತ್ತಾರೆ. ಸಾಲು ಕರಗುತ್ತಾ ಬಂದಂತೆ ನನಗೆ ಕುರುಗೋಡಿನಲ್ಲಿರುವ ಅಕ್ಕನ ನೆನಪು ಬಲವಾಗಿ ಬರುತ್ತದೆ. ಸಾಲಿನ ಕೊನೆಯ ತೋಳು ಮೇಜಿನ ಮೇಲೆ ಬರುವ ಹೊತ್ತಿಗೆ ನಾನು ಕುರುಗೋಡಿನ ಬಸ್ಸಿನಲ್ಲಿರುತ್ತೇನೆ. ತಮ್ಮನಿಗೆ ತನ್ನ ಮೇಲಿನ ಪ್ರೀತಿ ಬೇಸಿಗೆಯಲ್ಲೇ ಏಕೆ ಉಕ್ಕುತ್ತದೆ ಎಂಬುದು ಅಕ್ಕನಿಗೆ ಇಂದಿಗೂ ಬಗೆಹರಿದಿಲ್ಲ.

ನಾನೇನು ನೋವಿಗೆ ಹೆದರುವವನಲ್ಲ, ನೋವು ಬರುತ್ತಿರುವುದನ್ನು ನೋಡಲು ಹೆದರುವವನು. ಜಿನ್ನಿನಲ್ಲಿ ಹತ್ತಿಯ ಅಂಡಿಗೆ ಹೊಲಿಯುವ ದಬ್ಬಳವನ್ನು ವರ್ಷಾನುಗಟ್ಟಲೆ ನೋಡಿದ್ದೇನೆ. ಯಾವ ಸೂಜಿ ಕಂಡರೂ ನನಗೆ ಅದು ದಬ್ಬಳ, ನಾನು ಅಂಡಿಗೆ. ಕಾಲಿಗೆ ಜಾಲಿಮುಳ್ಳು ಮುರಿದರೆ ಹಂಪಮ್ಮ ಪಿನ್ನು ಹಿಡಿದು ಕೂರುತ್ತಾಳೆ, ನಾನು ಕಂಬ ಹಿಡಿದು ಕೂರುತ್ತೇನೆ. "ಇನ್ನಾ ಮುಟ್ಟೇ ಇಲ್ಲಲ್ರೀ, ಯಾಕ ಒದರ್ತೀರಿ?" ಎಂದು ಅವಳು, "ಮುಟ್ಟೋಕಿಂತ ಮೊದ್ಲ ಒದರಿದ್ರ ನೀ ನಿಧಾನ ಮಾಡ್ತೀ" ಎಂದು ನಾನು. ಅವಳೋ, ಸೂಜಿ ಹಾಕಿಸಿಕೊಂಡು ಬಂದು ಬಾತ ತೋಳಿನಲ್ಲೇ ಜೋಳದ ರೊಟ್ಟಿ ತಟ್ಟುವವಳು. ತಟ್ಟುವ ಸದ್ದಿನಲ್ಲಿ ಆ ದಿನ ಸ್ವಲ್ಪ ತಾಳ ತಪ್ಪುತ್ತದೆ, ಅಷ್ಟೇ. "ಕಂಟೋನ್ಮೆಂಟಿನಾಗ ಇಟಲಿ ಕೈದಿಗಳು ಕೂಡ ಸಾಲಾಗಿ ನಿಂತು ತೋಳು ಕೊಡ್ತಾರಂತ. ಸೋತು ಸೆರಿ ಸಿಕ್ಕೋರ್ರೀ ಅವ್ರು" ಎಂದು ಒಮ್ಮೆ ಕುಟುಕಿದಳು. "ಅವ್ರಿಗೆ ಕುರುಗೋಡಿನಾಗ ಅಕ್ಕ ಇಲ್ಲ" ಎಂದೆ.

ಹೀಗೆ ನಡೆದುಕೊಂಡು ಬಂದದ್ದು ಹೋದ ಬೇಸಿಗೆಯಲ್ಲಿ ನಡೆಯಲಿಲ್ಲ. ನಮ್ಮ ಒಬ್ಬಳೇ ಮಗಳು ಶಾರದೆಯನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೇವೆ. ಬಹಳ ವರ್ಷ ಕಾದು, ಕಾಣದ ದೇವರಿಗೆಲ್ಲ ಕೈಮುಗಿದ ಮೇಲೆ ಅವಳು ಬಸಿರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಹಂಪಮ್ಮನಿಗೆ ಬೇರೆ ಮಕ್ಕಳು ಉಳಿಯಲಿಲ್ಲ. ಬಾಣಂತನ ಮಾಡುವ ಭಾಗ್ಯ ಅವಳ ಪಾಲಿಗೆ ಇದ್ದರೆ ಇದೊಂದೇ. ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಬಳಿಸಿದಳು. ತನ್ನ ಹಳೆಯ ಸೀರೆಗಳನ್ನು ಒಗೆದು ಒಗೆದು ಕೂಸಿನ ಮೈಗೆ ಒಗ್ಗುವಷ್ಟು ಮೆತ್ತಗೆ ಮಾಡಿದಳು. ಅಂಟು, ಒಣಕೊಬ್ಬರಿ, ಬೆಲ್ಲ ಕೂಡಿಸಿಟ್ಟಳು. ಯುದ್ಧಕಾಲದಲ್ಲಿ ಇಷ್ಟನ್ನು ಎಲ್ಲಿಂದ ತಂದಳೋ, ಕೇಳುವ ಧೈರ್ಯ ನನಗಾಗಲಿಲ್ಲ. ಹೊರಸಿಗೆ ಹೊಸ ಹಗ್ಗ ಬಿಗಿಸಿ, ಯಾರೂ ಕೂರದಂತೆ ಗೋಡೆಗೆ ನಿಲ್ಲಿಸಿದಳು. ನಾನೊಮ್ಮೆ ಮರೆತು ಅದರ ಮೇಲೆ ಅಡ್ಡಾದಾಗ, "ಏಳ್ರೀ, ಬಾಣಂತಿ ಹೊರಸದು" ಎಂದು ಎಬ್ಬಿಸಿದಳು.

ಆಗ ಸಿರುಗುಪ್ಪದಿಂದ ಮಾತು ಬಂತು. ನಮ್ಮ ಬೀಗಿತಿ ಬಸಮ್ಮನವರ ಯಜಮಾನರು ಕಾಲರಾದಲ್ಲಿ ಹೋದವರು. ಬೆಳಿಗ್ಗೆ ಹೊಲಕ್ಕೆ ನೀರು ತಿರುಗಿಸಲು ಹೋದ ಮನುಷ್ಯ ದೀಪ ಹಚ್ಚುವ ಹೊತ್ತಿಗೆ ಇರಲಿಲ್ಲ. ಅಂದಿನಿಂದ ಆಕೆ ಸೂಜಿಯನ್ನು ಕುಲದೇವರಷ್ಟೇ ನಂಬಿದವರು. "ಬಳ್ಳಾರ್ಯಾಗ ಕಾಲರಾ ಗಾಳಿ ಐತಂತ. ತವರಿನವ್ರೆಲ್ಲಾ ಸೂಜಿ ಹಾಕಿಸ್ಕ್ಯಂಡಿದ್ರ ಮಾತ್ರ ಸೊಸಿನ್ನ ಬಿಟ್ಟು ಬರ್ತೀನಿ. ಸರ್ಟಿಫಿಕೇಟು ಯಾರು ಕೇಳಿದ್ರೂ ಕೊಡ್ತಾರ. ನಾ ತೋಳು ನೋಡ್ತೀನಿ. ಬಾತ ತೋಳು ಸುಳ್ಳು ಹೇಳಂಗಿಲ್ಲ" ಎಂದು ಅಳಿಯನ ಕೈಯಲ್ಲಿ ಹೇಳಿಕಳಿಸಿದ್ದರು. ನ್ಯಾಯವಾದ ಮಾತು. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ, ಬೇರೆಯವರ ತೋಳಾಗಿದ್ದರೆ.

ಅಷ್ಟರಲ್ಲಿ ಓಣಿಗೆ ದವಾಖಾನೆಯವರು ಬಂದು ಹೋಗಿದ್ದರು. ಹಂಪಮ್ಮನ ತೋಳು ಬಾತಿತ್ತು, ನಾನು ಎಂದಿನಂತೆ ಊರಲ್ಲಿರಲಿಲ್ಲ. ಮರಳಿ ಬಂದೊಡನೆ, "ಈಗರ ಹೋಗಿ ಹಾಕಿಸ್ಕ್ಯಂಡು ಬರ್ರಿ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. "ಕುರುಗೋಡಿನ ಕಂಪೌಂಡರ ಕೈ ಭಾಳ ಹಗುರ. ಅಲ್ಲೇ ಹಾಕಿಸ್ಕ್ಯಂಡು ಬರ್ತೀನಿ" ಎಂದು ಹೊರಟೆ. ಇದ್ದಿಲ ಗ್ಯಾಸಿನ ಬಸ್ಸು ಏರುದಾರಿ ಬಂದಲ್ಲೆಲ್ಲ ನಿಂತು ಉಬ್ಬಸ ಬಿಡುತ್ತಿತ್ತು. ಇಳಿದು ತಳ್ಳುವಾಗ ನಾನೂ ಕೈಹಚ್ಚಿದೆ. ಇಷ್ಟು ನಿಷ್ಠೆಯಿಂದ ಸೂಜಿಯ ಕಡೆಗೆ ಬಸ್ಸು ತಳ್ಳಿದ ಮನುಷ್ಯ ಇನ್ನೊಬ್ಬನಿರಲಾರ. ದವಾಖಾನೆಯ ಬಾಗಿಲವರೆಗೂ ಹೋದೆ, ಸುಳ್ಳಲ್ಲ. ಒಳಗೆ ನೀರು ಕುದಿಯುವ ಸದ್ದು. ಒಂದು ಮಗು "ಯವ್ವಾ" ಎಂದಿತು. ನನ್ನ ಕಾಲುಗಳು ನನ್ನನ್ನು ಕೇಳದೆ ಅಕ್ಕನ ಮನೆಗೆ ಬಂದವು.

ಅಕ್ಕನ ಮನೆಯ ಗೂಡಿನಲ್ಲಿ, ದೀಪದ ಪಕ್ಕ, ಕರಿಗೇರು ಬೀಜಗಳಿದ್ದವು. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಎಷ್ಟು ಒಗೆದರೂ ಹೋಗದ ಕಪ್ಪು, ಅದೇ ಬೀಜ. ಅಕ್ಕ ಅದನ್ನು ಕಾಸಿ ಹಿಮ್ಮಡಿಯ ಒಡಕಿಗೆ ಮುಟ್ಟಿಸಿಕೊಳ್ಳುತ್ತಿದ್ದಳು. ಅದನ್ನು ಕಂಡದ್ದೇ ತಡ, ನನ್ನ ವಿದ್ಯಾಭ್ಯಾಸ ಫಕ್ಕನೆ ನೆನಪಾಯಿತು. ಹೈಸ್ಕೂಲಿನಲ್ಲಿ ಡ್ರಿಲ್ ತಪ್ಪಿಸಿಕೊಳ್ಳಲು ನನ್ನ ಪಕ್ಕದ ಬೆಂಚಿನವನೊಬ್ಬ ಮೊಣಕಾಲಿಗೆ ಗೇರೆಣ್ಣೆಯ ಒಂದು ಚುಕ್ಕೆ ಇಟ್ಟುಕೊಂಡು ಬರುತ್ತಿದ್ದ. ಚಂದದ ಬಾವು ಬರುತ್ತಿತ್ತು, ಮೇಷ್ಟ್ರು ನೆರಳಲ್ಲಿ ಕೂರಿಸುತ್ತಿದ್ದರು. ಬೀಜಗಣಿತ ಮರೆತಿದ್ದೇನೆ, ಅಕ್ಬರನ ಮಗ ಯಾರು ಎಂಬುದು ಮರೆತಿದ್ದೇನೆ. ಅಷ್ಟು ವರ್ಷದ ಶಾಲೆಯಲ್ಲಿ ತಲೆಯಲ್ಲಿ ಉಳಿದದ್ದು ಇದೊಂದೇ ವಿದ್ಯೆ. ಅಕ್ಕ ನೀರಿಗೆ ಹೋದಾಗ ಒಂದು ಬೀಜವನ್ನು ದೀಪಕ್ಕೆ ಹಿಡಿದು, ಒಸರಿದ ಎಣ್ಣೆಯನ್ನು ಎಡತೋಳಿಗೆ ಒತ್ತಿದೆ. ಒಂದು ಚುಕ್ಕೆ ಸಾಕಿತ್ತು. ಆದರೆ ಬೀಗಿತಿಯ ಪರೀಕ್ಷೆಯಲ್ಲವೇ, ಫೇಲಾಗಬಾರದೆಂದು ಇನ್ನೆರಡು ಇಟ್ಟೆ. ಅಕ್ಕ ಬಂದವಳೇ ಮೂಗರಳಿಸಿ, "ಏನ್ ತಮ್ಮಾ, ಗೇರು ಸುಟ್ಟಂಗ ವಾಸ್ನಿ ಬರ್ತೈತಿ?" ಎಂದಳು. "ನನ್ನ ಹಿಮ್ಮಡೀನೂ ಒಡದೈತಕ್ಕಾ" ಎಂದೆ. ಪಾಪ, ತಾಸುಹೊತ್ತು ನನ್ನ ನುಣ್ಣನೆಯ ಹಿಮ್ಮಡಿಗೆ ಬೆಣ್ಣೆ ತಿಕ್ಕಿದಳು.

ಮರಳಿ ಬಸ್ಸಿನಲ್ಲಿ ಬೆವರು ಕಿತ್ತು ಸುರಿಯಿತು. ಬೀಜ ಹಿಡಿದಿದ್ದ ಅದೇ ಕೈಯಲ್ಲಿ ಮುಖ ಒರೆಸಿಕೊಂಡೆ, ಕತ್ತು ಒರೆಸಿಕೊಂಡೆ. ಮನೆ ಮುಟ್ಟುವ ಹೊತ್ತಿಗೆ ತೋಳು ಕೆಂಪಾಗಿ ಉಬ್ಬಿತ್ತು. ಹಂಪಮ್ಮ ಅದನ್ನು ನೋಡಿದಳು. ಅವಳ ಮುಖ ಹೇಗಾಯಿತೆಂದರೆ, ಮದುವೆಯಲ್ಲಿ ಅಂತರಪಟ ಸರಿಸಿದಾಗಲೂ ನನ್ನನ್ನು ಅವಳು ಹಾಗೆ ನೋಡಿರಲಿಲ್ಲ. "ನನಗಿಂತ ನಿಮಗಽ ಜಾಸ್ತಿ ಆಗೈತಲ್ರೀ. ಮಗಳ ಸಲುವಾಗಿ ಎಷ್ಟು ತಡಕಂಡ್ರಿ!" ಎಂದು ಬೀಸಣಿಗೆ ಹಿಡಿದು ಕೂತಳು, ತನ್ನ ಬಾತ ತೋಳಿನಲ್ಲೇ ಗಾಳಿ ಬೀಸಿದಳು. ಹಾಲು ಸಕ್ಕರೆ ಕೊಟ್ಟಳು. ನಾಚಿಕೆಯಾಯಿತೇ ಎಂದು ಕೇಳುತ್ತೀರಿ. ಆಯಿತು. ಆದರೂ ಹಾಲು ಕುಡಿದೆ.

ಮಾರನೆಯ ದಿನ ಎದ್ದಾಗ ಒಂದು ಕಣ್ಣು ತೆರೆಯಲಿಲ್ಲ. ತೋಳಿನ ತುಂಬ ನೀರುಗುಳ್ಳೆ, ಕತ್ತಿನ ಮೇಲೆ ಗುಳ್ಳೆ, ಕೆನ್ನೆಯ ಮೇಲೆ ಗುಳ್ಳೆ. ಡ್ರಿಲ್ ತಪ್ಪಿಸಿಕೊಳ್ಳುತ್ತಿದ್ದ ಆ ಹುಡುಗನಿಗೆ ಇಷ್ಟೆಲ್ಲ ಆಗಿರಲಿಲ್ಲ. ಅವನು ಜಾಣ, ಮುಖ ಒರೆಸಿಕೊಂಡಿರಲಿಲ್ಲ. ಹಂಪಮ್ಮ ಗಾಬರಿಯಿಂದ ಏನೋ ಕೇಳುತ್ತಿರುವಾಗಲೇ ಓಣಿಯ ಬಾಯಿಗೆ ಜಟಕಾ ಬಂದು ನಿಂತಿತು. ಶಾರದೆಯನ್ನು ಅದರಲ್ಲೇ ಕೂರಿಸಿ, ಬಸಮ್ಮನವರು ಒಬ್ಬರೇ ನಡೆದು ಬಂದರು. ತಲೆಬಾಗಿಲ ಹೊರಗೇ ನಿಂತು, "ತೋಳು ತೋರಿಸ್ರಿ ಬೀಗಿತೀ" ಎಂದರು. ಹಂಪಮ್ಮ ತೋರಿಸಿದಳು. "ಇಂಥಾ ಮನಿತನ ಅಂತ ನನಗ ಗೊತ್ತಿತ್ತು. ಎಲ್ಲಿ, ಬೀಗರು ಎಲ್ಲಿ?" ಎಂದರು. ನಾನು ಬಾಗಿಲಿಗೆ ಬಂದು ತೋಳು ಚಾಚಿದೆ.

ಬಸಮ್ಮನವರು ನನ್ನ ತೋಳು ನೋಡಿದರು. ಮುಖ ನೋಡಿದರು. ಎರಡೂ ಕೆನ್ನೆ ಬಡಿದುಕೊಂಡು, ಕೈಮುಗಿದು, ನನಗಲ್ಲ, ನನ್ನ ಮೈಮೇಲೆ ಬಂದವಳಿಗೆ ನಮಸ್ಕಾರ ಮಾಡಿದರು. "ಅಮ್ಮಾ, ತಾಯೀ, ತಪ್ಪಾತು. ತಣ್ಣಗಿರು ನಮ್ಮವ್ವಾ" ಎಂದವರೇ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಟ್ಟರು. ಮೈಲಿ, ಸಿಡುಬು ಎಂದೆಲ್ಲ ಆ ಬೇನೆಯ ಹೆಸರು ಹೇಳಬಾರದು. ಅಮ್ಮ ಬಂದಿದ್ದಾಳೆ ಎಂದಷ್ಟೇ ಅನ್ನಬೇಕು. ಅಮ್ಮ ಬಂದ ಮನೆಗೆ ಬಸುರಿ ಹೆಂಗಸು ಕಾಲಿಡುವುದುಂಟೇ?

ನಾನು ಆಗ "ಗೇರು" ಎಂದಿದ್ದರೆ ಸಾಕಿತ್ತು. ಎರಡೇ ಅಕ್ಷರ. ಬಾಯಿ ತೆರೆದೆ ಕೂಡ. ಆದರೆ ಗೇರು ಎಂದರೆ ಏಕೆ ಎಂದು ಕೇಳುತ್ತಾರೆ. ಏಕೆ ಎಂಬುದಕ್ಕೆ ಉತ್ತರವನ್ನು ಬೀಗಿತಿಯ ಎದುರು, ಓಣಿಯ ಎದುರು, ಹಿಂದಿನ ದಿನ ಗಾಳಿ ಬೀಸಿದ ಹಂಪಮ್ಮನ ಎದುರು ಹೇಳಬೇಕು. ಶಾರದೆ ಜಟಕಾದಿಂದ ಇಳಿಯಹೋದಳು, ಬಸಮ್ಮನವರು ತಡೆದರು. "ಅವ್ವಾ!" ಎಂದು ಅಲ್ಲಿಂದಲೇ ಕೂಗಿದಳು. ಹಂಪಮ್ಮ ಅಂಗಳ ದಾಟಿ ಒಂದೆರಡು ಹೆಜ್ಜೆ ಓಡಿ, ಏನೋ ನೆನಪಾದಂತೆ ನಿಂತುಬಿಟ್ಟಳು. ಮಗಳನ್ನು ಮುಟ್ಟಿ ಅಮ್ಮನನ್ನು ಅಂಟಿಸಬಾರದಲ್ಲ! "ಬರಬ್ಯಾಡ ಕಂದಾ, ಅಲ್ಲೇ ಇರು" ಎಂದು ತಾನೇ ಕೈ ಅಡ್ಡ ಮಾಡಿದಳು. ಅಷ್ಟು ದೂರದಿಂದಲೇ ಮಗಳ ಹೊಟ್ಟೆಯನ್ನು ಕಣ್ಣಿನಲ್ಲಿ ತಡವಿದಳು. ಜಟಕಾ ತಿರುಗಿತು. ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಜಟಕಾ ಕಾಣದಾದ ಮೇಲೆ ಹಂಪಮ್ಮನಿಗೆ ನಿಜ ಹೇಳಿದೆ. ಓಡಿಹೋದರೆ ಸಿರುಗುಪ್ಪದ ಬಸ್ಸು ಹೊರಡುವುದರೊಳಗೆ ಅವರನ್ನು ಹಿಡಿಯಬಹುದೆಂದುಕೊಂಡಿದ್ದೆ. ಆದರೆ ಓಣಿಯೆಲ್ಲ ಅಷ್ಟರಲ್ಲಿ ನಮ್ಮ ಬಾಗಿಲಿಗೆ ಬಂದಿತ್ತು. ಪಕ್ಕದ ಮನೆಯ ಯರ್ರಮ್ಮ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದಳು. "ಇದು ಅಮ್ಮ ಅಲ್ರವ್ವಾ, ಗೇರು! ನಾನಽ ಹಚ್ಚಿಕ್ಯಂಡೀನಿ" ಎಂದು ಒದರಿದೆ. ಯರ್ರಮ್ಮ ಗಲ್ಲ ಬಡಿದುಕೊಂಡು, "ಅಯ್ಯೋ ತಲ್ಲೀ, ಅಮ್ಮನ್ನ ಹಂಗ ಅನಬಾರದ್ರೀ ಗುಮಾಸ್ತ್ರೇ. ಜ್ವರ ನೆತ್ತಿಗೇರೈತಿ, ಅದಕ್ಕ ಹಿಂಗ ಮಾತಾಡ್ತಾರ" ಎಂದು ಎಲ್ಲರಿಗೂ ವಿವರಿಸಿದಳು. ಬಸ್ಸಿನ ಕಡೆ ಓಡಿದರೆ ಏಜೆಂಟು ದೂರದಿಂದಲೇ ಕೋಲು ಅಡ್ಡಹಿಡಿದ. "ತಾತಾ, ಕೈ ಮುಗಿತೀನಿ, ಮನಿಗೆ ಹೋಗು. ಬಸ್ ತುಂಬ ಮಂದಿ ಅದಾರ" ಎಂದ. ಹಂಪಮ್ಮ ಡ್ರೈವರನ ಕೈಯಲ್ಲಿ ಸಿರುಗುಪ್ಪಕ್ಕೆ ಹೇಳಿಕಳಿಸಿದಳು. ಅಲ್ಲಿಂದ ಬಂದ ಉತ್ತರ: "ಓದಿದ ಮನಷ್ಯಾ ಮೈಗೆ ಗೇರು ಹಚ್ಚಿಕ್ಯಂತಾರ? ಅಮ್ಮನ್ನ ಮುಚ್ಚಿಡಾಕ ಕತಿ ಕಟ್ಟಾಕತ್ತಾರ." ಜೀವಮಾನವಿಡೀ ಗಳಿಸಿದ ಮರ್ಯಾದೆ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ, ಬಂದದ್ದು ಹೀಗೆ.

ಆಮೇಲೆ ನನಗೆ ಪೂಜೆಯಾಯಿತು. ಓಣಿಯ ಹೆಂಗಸರು ಹೊಸ್ತಿಲಲ್ಲಿ ತಣ್ಣೀರು ಸುರಿದು ಮೊಸರನ್ನ ಇಟ್ಟು ಹೋಗುತ್ತಿದ್ದರು. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಅಮ್ಮನಿಗೆ ಆಗದು. ನನ್ನ ಉರಿಗೆ ಕೊಬ್ಬರಿಎಣ್ಣೆ ಹಚ್ಚುವಂತಿಲ್ಲ, ಅದೂ ಆಗದು. ಸುಳ್ಳು ಹೇಳಿದಾಗ ನಂಬಿದ ಜನ ನಿಜ ಹೇಳಿದಾಗ ಕರ್ಪೂರ ಬೆಳಗಿದರು. ಈ ನಡುವೆ, ಲೆಕ್ಕ ಹಾಕಿದ್ದಕ್ಕಿಂತ ಮುಂಚೆಯೇ, ಸಿರುಗುಪ್ಪದಲ್ಲಿ ಶಾರದೆ ಹೆತ್ತಳು. ಬಸ್ಸಿನ ಡ್ರೈವರು ಓಣಿಯ ಬಾಯಲ್ಲೇ ನಿಂತು, "ಗಂಡುಮಗ ಅಂತ್ರೀ! ಇಬ್ಬರೂ ಚಲೋ ಅದಾರ!" ಎಂದು ಕೂಗಿ, ಸಕ್ಕರೆಯ ಪೊಟ್ಟಣವನ್ನು ಅಲ್ಲೇ ಕಲ್ಲಿನ ಮೇಲೆ ಇಟ್ಟು ಹೋದ. ಹಂಪಮ್ಮ ಕೋಣೆಗೆ ಹೋಗಿ, ಗೋಡೆಗೆ ನಿಲ್ಲಿಸಿದ್ದ ಹೊರಸನ್ನು ಇಳಿಸಿ, ಅದರ ಮೇಲೆ ಕೂತಳು. ಬಾಣಂತಿಯ ಹೊರಸಿನ ಮೇಲೆ ಅಜ್ಜಿ. ನಾನು ಬಾಗಿಲಲ್ಲಿ ನಿಂತು, "ಗಂಡುಮಗ" ಎಂದೆ. ಅವಳಿಗೆ ಕೇಳಿಸಿದ್ದನ್ನೇ ಮತ್ತೆ ಹೇಳಿದೆ. ಅವಳು ಮೆತ್ತಗಾದ ಸೀರೆಗಳನ್ನು ಒಂದೊಂದಾಗಿ ಮಡಿಸಿ ಗಂಟು ಕಟ್ಟಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಗುಳ್ಳೆ ಒಣಗಿ ನನಗೆ ನೀರು ಹಾಕಿದ ಮೇಲೆ ಅವಳು ಸಿರುಗುಪ್ಪಕ್ಕೆ ಹೋಗಿ ಬಂದಳು. ಆದರೆ ಅಲ್ಲಿ ಬಾಣಂತಿಗೆ ಎರೆಯುವವರು ಬಸಮ್ಮನವರು, ಕೂಸಿಗೆ ಹೊಗೆ ಹಾಕುವವರು ಬಸಮ್ಮನವರು. ಹೆತ್ತ ತಾಯಿ ಬೀಗರ ಮನೆಯಲ್ಲಿ ತಾಟು ಮುಂದಿಟ್ಟುಕೊಂಡು ಕೂರುವ ನೆಂಟಳು. ಅಂಟಿನುಂಡೆಯ ಡಬ್ಬಿ ಒಯ್ದಿದ್ದಳು. ಅಲ್ಲಿ ಆಗಲೇ ಮಾಡಿಟ್ಟಿದ್ದರಂತೆ. ಮನೆಯಲ್ಲಿ ಒಗ್ಗರಣೆ ಮತ್ತೆ ಶುರುವಾಯಿತು, ಮಾತು ಶುರುವಾಗಲಿಲ್ಲ. "ರೊಟ್ಟಿ ಆಗೈತಿ", "ನೀರು ಕಾದೈತಿ" ಎಂದು ಗೋಡೆಗೆ ಹೇಳುತ್ತಿದ್ದಳು. ಗೋಡೆಯ ಪರವಾಗಿ ನಾನು ಎದ್ದು ಹೋಗುತ್ತಿದ್ದೆ.

ಕೂಸಿಗೆ ಮೂರು ತಿಂಗಳು ತುಂಬಿದಾಗ ನನಗೂ ಬರಲು ಅಪ್ಪಣೆಯಾಯಿತು. ಇಬ್ಬರೂ ಹೋದೆವು. ಬಸಮ್ಮನವರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಬೆಳಕಿಗೆ ತಿರುಗಿಸಿ ಮುಖ ನೋಡಿದರು. "ಒಂದು ಕಲೀನೂ ಇಲ್ಲ. ಅಮ್ಮ ಬಂದ್ರ ಗುರುತು ಬಿಡದ ಹೋಗ್ತಾಳ? ಹಂಗಾರ ಗೇರಿನ ಕತಿ ಖರೇನಾ?" ಎಂದರು. ತಲೆ ತಗ್ಗಿಸಿದೆ. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಶಾರದೆ ನಗಲಿಲ್ಲ. ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, "ಹುಬ್ಬು, ಕಿವಿ ಎಲ್ಲಾ ನಿನ್ನವಽ ಅದಾವ ನೋಡಪ್ಪಾ" ಎಂದಳು. ಆಮೇಲೆ ಮೆಲ್ಲಗೆ, "ಅವತ್ತು ಒಂದು ಮಾತು ಹೇಳಿದ್ರ ಆಗ್ತಿತ್ತಲ್ಲಪ್ಪಾ. ನಾ ಜಟಕಾದಾಗಽ ಇದ್ದೆ" ಎಂದಳು. ಹಂಪಮ್ಮ ಎದ್ದು ಒಳಗೆ ಹೋದಳು.

ಆ ದಿನವೇ ಕೂಸಿಗೆ, ಅಮ್ಮ ಬಾರದಂತೆ, ಮೈಲಿ ಹಾಕಿಸಬೇಕೆಂದು ನಿಶ್ಚಯವಾಗಿತ್ತು. "ಬೀಗರೂ ಬರ್ಲಿ. ಅವ್ರ ಕಾಲರಾ ಸೂಜೀನೂ ಇವತ್ತಽ ಆಗಿಹೋಗ್ಲಿ" ಎಂದು ಬಸಮ್ಮನವರು ಇಡೀ ದಂಡನ್ನು ದವಾಖಾನೆಗೆ ನಡೆಸಿದರು. ಕಂಪೌಂಡರು ಯಾರಿಗೆ ಮೊದಲು ಎಂದು ಕೇಳಿದರೆ, "ದೊಡ್ಡ ಕೂಸಿಗೆ ಮೊದ್ಲು" ಎಂದರು. ಹಾಕಿದರು. ಇಷ್ಟಕ್ಕಾಗಿಯೇ ಅಷ್ಟೆಲ್ಲ ಮಾಡಿದೆನೇ ಎಂದು ನಾನು ಪಶ್ಚಾತ್ತಾಪ ಪಡಬೇಕಿತ್ತು. ಆದರೆ ಸುಳ್ಳು ಸಾಕು. ನಾನು ಎಷ್ಟು ನೋಯುತ್ತದೆಂದು ಹೆದರಿದ್ದೆನೋ ಅಷ್ಟೇ ನೋಯಿತು. ಆಮೇಲೆ ಕೂಸಿನ ಸರದಿ. ತಾಯಿ ನೋಡಲಾರೆನೆಂದು ಹೊರಗೆ ನಿಂತಳು. ತಾತನ ತೊಡೆಯ ಮೇಲೆ ಕೂಸು, ಎರಡು ಮಗ್ಗುಲಿಗೆ ಇಬ್ಬರು ಬೀಗಿತಿಯರು.

"ನೋಡ್ರಿ ನೋಡ್ರಿ, ಹುಂ ಅಂತ ಕೂಡ ಅನಲಿಲ್ಲ, ಮಾರಿ ಸುದ್ದಾ ಕಿವುಚಲಿಲ್ಲ! ಹುಬ್ಬು ಕಿವಿ ಯಾರದರ ಇರವಲ್ದ್ಯಾಕ, ಎದಿ ಮಾತ್ರ ನಮ್ಮ ಕಡಿದು" ಎಂದು ಬಸಮ್ಮನವರ ದನಿ ಕೇಳಿಸಿತು. ಹಂಪಮ್ಮ ತನ್ನ ತವರಿನ ಕಡೆಗೆ ಎಳೆದಾಳು, ಜಗಳವಾದೀತು ಎಂದು ಕಾದೆ. "ಖರೇರಿ ಬೀಗಿತೀ. ನಮ್ಮ ಪುಣ್ಯ, ನಿಮ್ಮ ಕಡಿದಽ" ಎಂದಳು ಹಂಪಮ್ಮ. ಅಷ್ಟು ತಿಂಗಳಲ್ಲಿ ಅವಳ ದನಿಯಲ್ಲಿ ನಗು ಕೇಳಿದ್ದು ಅದೇ ಮೊದಲು. ಕೂಸು ನಿಜಕ್ಕೂ ಮುಖ ಕಿವುಚಲಿಲ್ಲವೇ ಎಂದು ಯಾರಾದರೂ ಕೇಳಿದರೆ ನಾನು ಸಾಕ್ಷಿ ಹೇಳಲಾರೆ. ಅದನ್ನು ತೊಡೆಯ ಮೇಲೆ ಹಿಡಿದು ಕೂತಿದ್ದವನು ನಾನೇ ಹೌದು. ಆದರೆ ಕಂಪೌಂಡರು "ಮುಗೀತು, ಇನ್ನ ಕಣ್ಣು ತೆಗೀರಿ" ಎಂದದ್ದು ಕೂಸಿಗಲ್ಲ.